ಸರ್ಕಾರದ ದುಡ್ಡಲ್ಲಿ ನಡೆಯುವ ವಾಹಿನಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಹೊರದೇಶದ ಸುದ್ದಿಗೆ ನಾನು ಹೆಚ್ಚಾಗಿ ಬಿಬಿಸಿ, ಅಲ್ ಜಝೀರಾ, ಜರ್ಮನಿಯ ಡಾಯ್ಚೆ ವೆಲೆ ನೋಡುತ್ತೇನೆ. ಮೊನ್ನೆ ಗೆಳೆಯನೊಬ್ಬ, "ಅವೆಲ್ಲ ಒಂದಲ್ಲ ಒಂದು ಸರ್ಕಾರದ ದುಡ್ಡಲ್ಲಿ ನಡೆಯುವಂಥವು. ರಷ್ಯಾದ ಆರ್‌ಟಿಗೂ ಅವಕ್ಕೂ ಏನು ವ್ಯತ್ಯಾಸ?" ಅಂತ ಕೇಳಿದ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಮಾಧ್ಯಮಗಳ ಪಕ್ಷಪಾತಕ್ಕೆ ಅಂಕ ಕೊಡುವ ಜಾಲತಾಣಗಳನ್ನು ನೋಡಿದೆ, ಇನ್ನೂ ಗೊಂದಲವಾಯಿತು. ಇಂಥ ಸಂಸ್ಥೆಗಳನ್ನು ಅಳೆಯುವುದು ಹೇಗೆ? ಎಂ.ಎ. ಪ್ರಬಂಧದಲ್ಲಿ ಇವುಗಳ ವರದಿಯನ್ನು ಆಧಾರವಾಗಿ ಕೊಡಬಹುದಾ?

ಉತ್ತರ: ನಿಮ್ಮ ಗೆಳೆಯ ಕೇಳಬೇಕಾದ್ದನ್ನೇ ಕೇಳಿದ್ದಾರೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮಲ್ಲಿ ಮಾತಿದೆ. ಆ ಮಾತನ್ನು ಒಪ್ಪಿದ ಸುದ್ದಿಮನೆ ಅದೇ ದಿನ ಸುದ್ದಿಮನೆಯಾಗಿ ಉಳಿಯುವುದಿಲ್ಲ. ಅದಕ್ಕೇ ನಾನು ಯಾವ ವಾಹಿನಿಯ ಬಗ್ಗೆಯೂ ಮೊದಲು ಕೇಳುವುದು ಎರಡೇ ಪ್ರಶ್ನೆ. ಇವರು ಉಂಡ ಮನೆಗೆ ಎರಡು ಬಗೆದ ದಿನ ಯಾವುದಾದರೂ ಉಂಟಾ? ಬಗೆದ ಮೇಲೆ ಅವರಿಗೆ ಏನಾಯಿತು?

ದುಡ್ಡಿನ ಲೆಕ್ಕ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಟ್ವಿಟರ್ ದುಡ್ಡು ನೋಡಿಯೇ ಅಳೆಯಲು ಹೋಗಿ ನಗೆಪಾಟಲಾಯಿತು. ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನ ಖಾತೆಗೆ "ಸರ್ಕಾರದ ಜೊತೆ ನಂಟಿರುವ ಮಾಧ್ಯಮ" ಅನ್ನುವ ಚೀಟಿ ಅಂಟಿಸಿದರು. ಆರ್‌ಟಿಗೆ, ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಶಿನ್ಹುವಾಗೆ ಅಂಟಿಸಿದ್ದ ಚೀಟಿಯೇ ಅದು. ಕೇಂದ್ರ ಸರ್ಕಾರದಿಂದ ತನಗೆ ನೇರವಾಗಿ ಬರುವುದು ಬಜೆಟ್ಟಿನ ಶೇಕಡಾ 1ಕ್ಕಿಂತ ಕಡಿಮೆ ಎಂದು ಹೇಳಿ ಎನ್‌ಪಿಆರ್ ಟ್ವಿಟರ್ ಬಿಟ್ಟಿತು. ಕೆನಡಾದ ಸಾರ್ವಜನಿಕ ವಾಹಿನಿ ಸಿಬಿಸಿಗೆ "ಸರ್ಕಾರದ ಹಣದ ಮಾಧ್ಯಮ" ಅಂತ ಬರೆದರು. ಸಿಬಿಸಿ ಆಕ್ಷೇಪ ಎತ್ತಿತು. ಎಲಾನ್ ಮಸ್ಕ್ ಅದನ್ನು ಮೊದಲು "ಸರ್ಕಾರದಿಂದ ಶೇಕಡಾ 70 ಹಣ" ಅಂತ, ಆಮೇಲೆ 69 ಅಂತ ಮಾಡಿದರು. ಅದೇ ತಿಂಗಳು ಎಲ್ಲ ಚೀಟಿಗಳೂ ಮಾಯವಾದವು. ಶೇಕಡಾ 69 ಅನ್ನುವುದರಿಂದ ಸಂಪಾದಕ ಎಷ್ಟು ಸ್ವತಂತ್ರ ಅಂತ ಗೊತ್ತಾಗುತ್ತಾ? ಇಲ್ಲ ಅಲ್ವಾ.

ಎಷ್ಟು ಹಣ ಅನ್ನುವುದಕ್ಕಿಂತ ನಲ್ಲಿ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಗ್ರೀಸಿನಲ್ಲಿ 2013ರ ಜೂನ್ 11ರಂದು ಸರ್ಕಾರ ಅಲ್ಲಿನ ಸಾರ್ವಜನಿಕ ವಾಹಿನಿ ಇಆರ್‌ಟಿಯನ್ನು ಮುಚ್ಚುವುದಾಗಿ ಹೇಳಿತು. ಅದೇ ರಾತ್ರಿ ಪರದೆ ಕಪ್ಪಾಯಿತು. ಎರಡೂವರೆ ಸಾವಿರಕ್ಕೂ ಜಾಸ್ತಿ ಜನರ ಕೆಲಸ ಹೋಯಿತು. ಅದು ಮತ್ತೆ ಶುರುವಾಗಿದ್ದು ಎರಡು ವರ್ಷದ ಮೇಲೆ, ಸರ್ಕಾರ ಬದಲಾದ ನಂತರ. ಅಮೆರಿಕದಲ್ಲಿ 1967ರ ಕಾನೂನಿನಿಂದ ಹುಟ್ಟಿ, ಸಾರ್ವಜನಿಕ ರೇಡಿಯೋ-ಟಿವಿಗಳಿಗೆ ಹಣ ಹಂಚುತ್ತಿದ್ದ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಎರಡು ವರ್ಷಕ್ಕೆಂದು ಮೊದಲೇ ಮಂಜೂರಾಗಿದ್ದ 110 ಕೋಟಿ ಡಾಲರ್ ಹಣವನ್ನು 2025ರ ಜುಲೈನಲ್ಲಿ ಸಂಸತ್ತು ವಾಪಸ್ ತೆಗೆದುಕೊಂಡಿತು. ಮುಂದಿನ ತಿಂಗಳೇ ನಿಗಮ ಬಾಗಿಲು ಹಾಕುವ ತೀರ್ಮಾನ ಹೇಳಿತು. ಜರ್ಮನಿಯಲ್ಲಿ ಹಾಗಾಗುವುದು ಕಷ್ಟ. ಅಲ್ಲಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಒಂದು ಸ್ವತಂತ್ರ ಆಯೋಗ. 2020ರಲ್ಲಿ ಸ್ಯಾಕ್ಸನಿ-ಅನ್‌ಹಾಲ್ಟ್ ರಾಜ್ಯ ಶುಲ್ಕ ಏರಿಕೆಗೆ ಅಡ್ಡ ನಿಂತಿತು. ಇದು ಪ್ರಸಾರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಸಂವಿಧಾನ ನ್ಯಾಯಾಲಯ ಮರುವರ್ಷ ಹೇಳಿ, ಏರಿಕೆಯನ್ನು ತಾನೇ ಜಾರಿಗೆ ತಂದಿತು. ಮೂರೂ ಕಡೆ ಇರುವುದು ಜನರ ದುಡ್ಡೇ. ರಾತ್ರೋರಾತ್ರಿ ನಲ್ಲಿ ತಿರುಗಿಸಲು ಆಗದಿರುವುದು ಮೂರನೆಯ ಕಡೆ ಮಾತ್ರ.

ದುಡ್ಡು ಆಯಿತು, ಕುರ್ಚಿ ನೋಡೋಣ. ಸಂಪಾದಕನನ್ನು ಕೂರಿಸುವವರು ಯಾರು, ಎಬ್ಬಿಸುವವರು ಯಾರು? ಇಲ್ಲೂ ಜರ್ಮನಿಯದೇ ಉದಾಹರಣೆ ಕೊಡುತ್ತೇನೆ, ಈ ಸಲ ಕೆಟ್ಟದ್ದು. 2009ರಲ್ಲಿ ಝಡ್‌ಡಿಎಫ್ ವಾಹಿನಿಯ ಪ್ರಧಾನ ಸಂಪಾದಕ ನಿಕೋಲಾಸ್ ಬ್ರೆಂಡರ್ ಅವರ ಅವಧಿ ಮುಂದುವರಿಸಲು ವಾಹಿನಿಯ ಮುಖ್ಯಸ್ಥರೇ ಶಿಫಾರಸು ಮಾಡಿದ್ದರು. ಆಡಳಿತ ಮಂಡಳಿಯಲ್ಲಿದ್ದ ರಾಜಕಾರಣಿಗಳು ತಡೆದರು. ಹಣ ಸ್ವತಂತ್ರ, ಶುಲ್ಕ ಸ್ವತಂತ್ರ, ಆದರೆ ಮಂಡಳಿಯ ಮೇಜಿನ ಸುತ್ತ ಕೂತಿದ್ದವರು ಪಕ್ಷದವರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಇಂಥ ಮಂಡಳಿಗಳಲ್ಲಿ ಸರ್ಕಾರಕ್ಕೆ, ಪಕ್ಷಗಳಿಗೆ ಹತ್ತಿರದವರು ಮೂರನೇ ಒಂದು ಭಾಗ ಮೀರಬಾರದು ಎಂದು 2014ರಲ್ಲಿ ತೀರ್ಪು ಬಂತು.

ಪೋಲೆಂಡಿನ ಸಾರ್ವಜನಿಕ ವಾಹಿನಿ ಟಿವಿಪಿಯ ಕಥೆ ಇನ್ನೂ ಕಸಿವಿಸಿ ಹುಟ್ಟಿಸುತ್ತದೆ. 2016ರ ಆರಂಭದಲ್ಲಿ ಅಲ್ಲಿನ ಸರ್ಕಾರ ವಾಹಿನಿಯ ಮುಖ್ಯಸ್ಥರನ್ನು ನೇಮಿಸುವ, ಕಿತ್ತುಹಾಕುವ ಅಧಿಕಾರವನ್ನು ಸಚಿವರಿಗೇ ಕೊಟ್ಟಿತು. ಟಿವಿಪಿ ಆಳುವ ಪಕ್ಷದ ತುತ್ತೂರಿಯಾಯಿತು. 2023ರ ಡಿಸೆಂಬರಿನಲ್ಲಿ ಎದುರಾಳಿಗಳು ಅಧಿಕಾರಕ್ಕೆ ಬಂದರು. ಬಂದ ವಾರದಲ್ಲೇ ಅವರೂ ಮುಖ್ಯಸ್ಥರನ್ನು ಕಿತ್ತುಹಾಕಿದರು, ಸುದ್ದಿ ವಾಹಿನಿಯ ಪ್ರಸಾರ ನಿಂತಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಬ್ಬರು ಹಿಡಿದಿದ್ದ ಹಗ್ಗವನ್ನು ಇನ್ನೊಬ್ಬರು ಹಿಡಿದರು, ಹಗ್ಗ ಅಲ್ಲೇ ಇತ್ತು.

ಕೆಲವೊಮ್ಮೆ ಹಗ್ಗ ಜಗ್ಗುವುದೂ ಬೇಡ, ಕೂತವರು ತಾವಾಗೇ ಬಾಗುತ್ತಾರೆ. ಜಪಾನಿನ ಎನ್‌ಎಚ್‌ಕೆ ನಡೆಯುವುದು ಮನೆಮನೆಯ ಶುಲ್ಕದಿಂದ. 2014ರ ಜನವರಿಯಲ್ಲಿ ಅದರ ಹೊಸ ಅಧ್ಯಕ್ಷ ಕಟ್ಸುಟೊ ಮೊಮಿಯಿ ಮೊದಲ ಪತ್ರಿಕಾಗೋಷ್ಠಿಯಲ್ಲೇ, ಸರ್ಕಾರ ಬಲ ಅನ್ನುವಾಗ ನಾವು ಎಡ ಅನ್ನಲಾಗದು ಎಂಬ ಅರ್ಥದ ಮಾತಾಡಿದರು. ದೂರದರ್ಶನ, ಆಕಾಶವಾಣಿ ನಡೆಸುವ ನಮ್ಮ ಪ್ರಸಾರ ಭಾರತಿಯದು ಇನ್ನೊಂದು ಥರ. ಸ್ವಾಯತ್ತತೆಯ ಕಾನೂನು 1990ರದ್ದು, ಜಾರಿಗೆ ಬಂದದ್ದು 1997ರಲ್ಲಿ. ಹಣ ಮಾತ್ರ ಈಗಲೂ ಬಹುಪಾಲು ಸರ್ಕಾರದ ಅನುದಾನ. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರದ ಅಂದಿನ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣವನ್ನು ಧ್ವನಿಮುದ್ರಿಸಿಕೊಂಡರು, ಪ್ರಸಾರ ಮಾಡಲಿಲ್ಲ. ತಿದ್ದಿ ಕೊಡಿ ಎಂದು ಕೇಳಿದ್ದರು, ಒಪ್ಪಲಿಲ್ಲ ಎಂದು ಅವರ ಕಚೇರಿ ಹೇಳಿತು. ಕಾನೂನಿನ ಪುಸ್ತಕ ಓದಿ ಒಂದು ಸಂಸ್ಥೆಯನ್ನು ಅಳೆಯಬೇಡಿ ಅನ್ನುವುದು ಇದಕ್ಕೇ.

ಈಗ ಆ ಎರಡು ಪ್ರಶ್ನೆಗಳಿಗೆ ಬರುತ್ತೇನೆ. ಬಿಬಿಸಿಯನ್ನೇ ತೆಗೆದುಕೊಳ್ಳಿ, ಅದರ ಕೆಟ್ಟ ದಿನಗಳು ಚೆನ್ನಾಗಿ ದಾಖಲಾಗಿವೆ. 1926ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ. ಬಿಬಿಸಿಯನ್ನು ಸರ್ಕಾರದ ಕೈಗೆ ತೆಗೆದುಕೊಳ್ಳೋಣ ಎಂದು ಚರ್ಚಿಲ್ ಪಟ್ಟು ಹಿಡಿದರು. ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಹೇಗೋ ತಪ್ಪಿಸಿಕೊಂಡರು. ಏನು ಕೊಟ್ಟು? ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್‌ಗೆ ಮಾತಾಡಲು ಮೈಕು ಕೊಡಲಿಲ್ಲ. ನಾವು ನಿಜಕ್ಕೂ ನಿಷ್ಪಕ್ಷಪಾತಿಗಳಾಗಿರುವುದಿಲ್ಲ ಎಂದು ಸರ್ಕಾರಕ್ಕೆ ನಂಬಿಕೆಯಿದೆ ಎಂದು ರೀತ್ ತಮ್ಮ ಡೈರಿಯಲ್ಲೇ ಬರೆದುಕೊಂಡರು. ಆ ದಿನ ಬಿಬಿಸಿ ಉಂಡ ಮನೆಯ ಪರ ನಿಂತಿತು, ಅದರಲ್ಲಿ ಅನುಮಾನವಿಲ್ಲ.

ಮೂವತ್ತು ವರ್ಷ ಮುಂದೆ ಬನ್ನಿ. 1956ರಲ್ಲಿ ಸೂಯೆಜ್ ಯುದ್ಧ. ಪ್ರಧಾನಿ ಈಡನ್ ದೇಶವನ್ನುದ್ದೇಶಿಸಿ ಮಾತಾಡಿದರು. ಉತ್ತರಿಸಲು ವಿರೋಧ ಪಕ್ಷದ ಗೇಟ್‌ಸ್ಕೆಲ್‌ಗೂ ಬಿಬಿಸಿ ಅವಕಾಶ ಕೊಟ್ಟಿತು. ಸೈನಿಕರು ಯುದ್ಧದಲ್ಲಿರುವಾಗ ಇದೇನು ಎಂದು ಸರ್ಕಾರ ಕೆಂಡವಾಯಿತು. 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಿ "ನಮ್ಮ ಸೈನಿಕರು" ಅನ್ನದೆ "ಬ್ರಿಟಿಷ್ ಸೈನಿಕರು" ಅಂದಿದ್ದಕ್ಕೆ ಥ್ಯಾಚರ್ ಕಡೆಯವರಿಂದ ಬೈಸಿಕೊಂಡಿತು. 2004ರ ಜನವರಿಯಲ್ಲಿ ಬಿಸಿ ಇನ್ನೂ ಜೋರಾಗಿ ತಟ್ಟಿತು. ಇರಾಕ್ ಯುದ್ಧಕ್ಕೆ ಮುಂಚೆ ಸರ್ಕಾರ ಗುಪ್ತಚರ ಮಾಹಿತಿಯನ್ನು ಉಬ್ಬಿಸಿ ಹೇಳಿತು ಎಂಬ ಬಿಬಿಸಿ ಸುದ್ದಿಯ ಬಗ್ಗೆ ನ್ಯಾಯಾಧೀಶ ಹಟನ್ ನಡೆಸಿದ ವಿಚಾರಣೆಯ ವರದಿ ಬಿಬಿಸಿಯನ್ನು ದೂರಿ, ಬಿಬಿಸಿಯ ಅಧ್ಯಕ್ಷರೂ ಮಹಾನಿರ್ದೇಶಕರೂ ಎರಡು ದಿನದೊಳಗೆ ರಾಜೀನಾಮೆ ಕೊಟ್ಟರು. ಎರಡು ಬಗೆದರೆ ಬೆಲೆ ತೆರಬೇಕಾಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಬಗೆದಿದ್ದಾರೆ ಅನ್ನುವುದಕ್ಕೂ ಇದೇ ಸಾಕ್ಷಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಬೇರೊಂದು ಬೆಳಗ್ಗೆ. 2012ರ ನವೆಂಬರ್ 10, ಶನಿವಾರ. ಬಿಬಿಸಿಯ ಒಂದು ಕಾರ್ಯಕ್ರಮ ತಪ್ಪು ವರದಿ ಮಾಡಿ, ನಿರಪರಾಧಿಯೊಬ್ಬರ ಮೇಲೆ ಘೋರ ಆರೋಪ ಬೀಳುವಂತಾಗಿತ್ತು. ಅಂದಿನ ಮಹಾನಿರ್ದೇಶಕ ಜಾರ್ಜ್ ಎಂಟ್‌ವಿಸಲ್ ಬಿಬಿಸಿ ರೇಡಿಯೋದ ಬೆಳಗಿನ ಕಾರ್ಯಕ್ರಮಕ್ಕೆ ಬಂದರು. ಕೇಳುವವರು ಜಾನ್ ಹಂಫ್ರಿಸ್, ಅದೇ ಸಂಸ್ಥೆಯ ನಿರೂಪಕ. ಹಂಫ್ರಿಸ್ ತಮ್ಮ ಬಾಸ್‌ನನ್ನು ಬಿಡಲೇ ಇಲ್ಲ. ಪ್ರಸಾರಕ್ಕೆ ಮುಂಚೆ ನಿಮಗೆ ಗೊತ್ತಿತ್ತಾ? ಗೊತ್ತಿರಲಿಲ್ಲವಾ? ಯಾಕೆ ಕೇಳಲಿಲ್ಲ? ಎಂಟ್‌ವಿಸಲ್ ತಡವರಿಸಿದರು. ಅಂದೇ ರಾತ್ರಿ ರಾಜೀನಾಮೆ ಕೊಟ್ಟರು. ಆ ಕುರ್ಚಿಯಲ್ಲಿ ಅವರು ಕೂತಿದ್ದು 54 ದಿನ. ತಪ್ಪು ಮಾಡದ ಸುದ್ದಿಸಂಸ್ಥೆ ಎಲ್ಲೂ ಇಲ್ಲ. ತನ್ನ ಯಜಮಾನನನ್ನು ತನ್ನದೇ ಮೈಕಿನ ಮುಂದೆ ಕೂರಿಸಿ ಬೆವರಿಳಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು.

ತಪ್ಪು ಅಲ್ಲಿಗೆ ನಿಂತಿತು ಅಂತಲ್ಲ. 2021ರ ಜನವರಿ 6ರ ಟ್ರಂಪ್ ಭಾಷಣದಲ್ಲಿ ಐವತ್ತು ನಿಮಿಷಕ್ಕೂ ಜಾಸ್ತಿ ಅಂತರವಿದ್ದ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದಂತೆ ಜೋಡಿಸಿದ್ದು ಬಯಲಾಗಿ, 2025ರ ನವೆಂಬರಿನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ವಿಭಾಗದ ಮುಖ್ಯಸ್ಥೆ ಇಬ್ಬರೂ ರಾಜೀನಾಮೆ ಕೊಟ್ಟರು. ಆ ಜೋಡಣೆ ಕೆಟ್ಟ ಕೆಲಸವೇ. ಬಿಬಿಸಿ ಅಭಿಮಾನಿಗಳು ಅದನ್ನು ಸಣ್ಣ ಎಡವಟ್ಟು ಅನ್ನುವುದನ್ನು ಕೇಳಿದ್ದೇನೆ. ಒಪ್ಪಲಾರೆ.

ಇದೇ ಅಳತೆಯನ್ನು ಆರ್‌ಟಿಗೆ ಹಿಡಿಯಿರಿ. 2014ರ ಜುಲೈನಲ್ಲಿ ಉಕ್ರೇನಿನ ಮೇಲೆ ಮಲೇಷ್ಯಾದ ವಿಮಾನವನ್ನು ಹೊಡೆದುರುಳಿಸಿದಾಗ ಆರ್‌ಟಿ ಸುದ್ದಿ ಮಾಡಿದ ರೀತಿಗೆ ಬೇಸತ್ತು ಅದರ ಲಂಡನ್ ವರದಿಗಾರ್ತಿ ಕೆಲಸ ಬಿಟ್ಟರು. 2022ರ ಮಾರ್ಚ್ 14ರಂದು ರಷ್ಯಾದ ಇನ್ನೊಂದು ಸರ್ಕಾರಿ ಹಿಡಿತದ ವಾಹಿನಿ ಚಾನೆಲ್ ಒನ್‌ನಲ್ಲಿ ನೇರಪ್ರಸಾರದ ವಾರ್ತೆ ನಡೆಯುತ್ತಿದ್ದಾಗ ಮರೀನಾ ಒವ್ಸ್ಯಾನಿಕೋವಾ ಎಂಬ ಸಂಪಾದಕಿ ವಾರ್ತಾವಾಚಕಿಯ ಹಿಂದೆ ಫಲಕ ಹಿಡಿದು ನಿಂತರು. ಯುದ್ಧ ಬೇಡ, ಇಲ್ಲಿ ನಿಮಗೆ ಸುಳ್ಳು ಹೇಳುತ್ತಿದ್ದಾರೆ ಅಂತ ಅದರಲ್ಲಿತ್ತು. ಕೆಲವೇ ಸೆಕೆಂಡಿನಲ್ಲಿ ದೃಶ್ಯ ಬದಲಾಯಿತು. ಬಿಬಿಸಿಯಲ್ಲಿ ಎರಡು ಬಗೆದವರು ಸ್ಟುಡಿಯೋದ ಕುರ್ಚಿಯಲ್ಲಿ ಕೂತೇ ಬಗೆದರು. ರಷ್ಯಾದ ಈ ವಾಹಿನಿಗಳಲ್ಲಿ ಕೆಲಸ ಬಿಟ್ಟು ಹೋಗಬೇಕು, ಇಲ್ಲವೇ ಕ್ಯಾಮೆರಾದ ಮುಂದೆ ನುಗ್ಗಬೇಕು. ನಿಮ್ಮ ಗೆಳೆಯ ಕೇಳಿದ ವ್ಯತ್ಯಾಸ ಇದೇ.

ಇನ್ನೊಂದು ಸಿಕ್ಕು ಬಿಡಿಸಬೇಕು. ಪಕ್ಷಪಾತ ಬೇರೆ, ವಿಶ್ವಾಸಾರ್ಹತೆ ಬೇರೆ. ಹೇಳಿದ್ದು ನಿಜವಾ ಅನ್ನುವುದು ಒಂದು. ನಿಜಗಳಲ್ಲಿ ಯಾವುದನ್ನು ಆರಿಸಿ ಹೇಳಿದರು ಅನ್ನುವುದು ಇನ್ನೊಂದು. ಅಲ್ ಜಝೀರಾ ಶುರುವಾಗಿದ್ದು 1996ರಲ್ಲಿ, ಕತಾರ್ ಅಮೀರರ ಹಣದಲ್ಲಿ. ಅದೇ ವರ್ಷ ಮುಚ್ಚಿಹೋದ ಬಿಬಿಸಿಯ ಅರಬ್ಬಿ ಟಿವಿಯಿಂದ ತುಂಬ ಜನ ಪತ್ರಕರ್ತರು ಅಲ್ಲಿಗೆ ಸೇರಿದರು. ಅರಬ್ ದೊರೆಗಳನ್ನು ಯಾರೂ ಕೇಳದ ಪ್ರಶ್ನೆ ಕೇಳಿ ಹೆಸರು ಮಾಡಿತು. ಆದರೆ ಕತಾರಿನ ರಾಜಮನೆತನದ ವಿಷಯ ಬಂದರೆ ದನಿ ತಗ್ಗುತ್ತದೆ ಅನ್ನುವುದು ಅದರ ಮೇಲಿರುವ ಹಳೆಯ ದೂರು. ಅಂದರೆ ಇಡೀ ವಾಹಿನಿಗೆ ಒಂದೇ ಅಂಕ ಕೊಟ್ಟರೆ ಏನೂ ತಿಳಿಯದು. ಯಾವ ವಿಷಯದಲ್ಲಿ, ಯಾವ ಭಾಷೆಯ ಸೇವೆಯಲ್ಲಿ ಅಂತ ಬಿಡಿಸಿ ಕೇಳಬೇಕು. ಸರ್ಕಾರದ ಕಡೆ ವಾಲಿದ ವಾಹಿನಿ ಸುಳ್ಳು ಹೇಳಬೇಕಾದ ಸಂದರ್ಭವೇ ಕಡಿಮೆ. ಸುಮ್ನೆ ಇದ್ದರೆ ಸಾಕು.

ಹಾಗಾದರೆ ಮೌನವನ್ನು ಅಳೆಯುವುದು ಹೇಗೆ? ಒಂದು ನೋಟುಬುಕ್ಕು, ಒಂದು ವಾರ ಸಾಕು. ಆ ವಾಹಿನಿಗೆ ಹಣ ಕೊಡುವ ಸರ್ಕಾರಕ್ಕೆ ಮುಜುಗರ ತರುವ ಒಂದು ಸುದ್ದಿ ಆರಿಸಿಕೊಳ್ಳಿ. ರಾಯಿಟರ್ಸ್ ಅಥವಾ ಎಎಫ್‌ಪಿಯಂಥ ಸುದ್ದಿಸಂಸ್ಥೆಗಳು ಅದನ್ನು ಯಾವತ್ತು, ಯಾವ ಗಂಟೆಗೆ ಕೊಟ್ಟವು ಅಂತ ಬರೆದುಕೊಳ್ಳಿ. ಈ ವಾಹಿನಿಯಲ್ಲಿ ಯಾವಾಗ ಬಂತು? ಬುಲೆಟಿನ್‌ನಲ್ಲಿ ಎಷ್ಟನೆಯದು? ಎಷ್ಟು ಸೆಕೆಂಡು? ಮೊದಲು ಮಾತಾಡಿದವರು ಯಾರು, ಆರೋಪ ಹೊತ್ತವರಾ, ನೊಂದವರಾ? ಮರುದಿನ ಸುದ್ದಿ ಮುಂದುವರಿಯಿತಾ, ಅಲ್ಲೇ ಸತ್ತಿತಾ? ನಾನು ಕಲಿಸುವ ಹುಡುಗರಿಂದ ಇದನ್ನು ಮಾಡಿಸುತ್ತೇನೆ. ಮೊದಲ ಎರಡು ದಿನ ಗೊಣಗುತ್ತಾರೆ. ನಾಲ್ಕನೇ ದಿನಕ್ಕೆ ಸ್ಟಾಪ್‌ವಾಚ್ ಹಿಡಿದು ಜಗಳಕ್ಕೆ ಬರುತ್ತಾರೆ.

ಜೊತೆಗೆ ಕ್ರಿಯಾಪದಗಳಿಗೆ ಗೆರೆ ಹಾಕಿ. ಇದು ನನ್ನ ಮೆಚ್ಚಿನ ಕೆಲಸ, ಸ್ವಲ್ಪ ಸಹಿಸಿಕೊಳ್ಳಿ. ಕನ್ನಡದ ಯಾವುದೇ ವಾರ್ತೆ ಕೇಳಿ. ಸಚಿವರು ಸ್ಪಷ್ಟಪಡಿಸಿದರು. ವಿರೋಧ ಪಕ್ಷದವರು ಆರೋಪಿಸಿದರು. ತಜ್ಞರು ಅಭಿಪ್ರಾಯಪಟ್ಟರು. ಸ್ಪಷ್ಟಪಡಿಸಿದರು ಅಂದ ಕೂಡಲೇ ಅದಕ್ಕೂ ಮುಂಚೆ ಏನೋ ಗೊಂದಲವಿತ್ತು, ಈಗ ಸಚಿವರು ನಿಜ ಹೇಳಿ ಬಗೆಹರಿಸಿದರು ಅಂತ ಆಯಿತು. ಆರೋಪಿಸಿದರು ಅಂದರೆ ಸಾಬೀತಾಗದ ಮಾತು. ಈಗ ಅದಲು ಬದಲು ಮಾಡಿ ಗಟ್ಟಿಯಾಗಿ ಓದಿ: ಸಚಿವರು ಆರೋಪಿಸಿದರು, ವಿರೋಧ ಪಕ್ಷದ ನಾಯಕರು ಸ್ಪಷ್ಟಪಡಿಸಿದರು. ಕಿವಿಗೆ ವಿಚಿತ್ರ ಅನ್ನಿಸಿತಾ? ಎಷ್ಟು ವಿಚಿತ್ರ ಅನ್ನಿಸಿತೋ ಅಷ್ಟು ವಾಲು ನಮಗೆ ಅಭ್ಯಾಸವಾಗಿದೆ. "ಹೇಳಿದರು" ಅನ್ನುವ ಬಡಪಾಯಿ ಪದವನ್ನು ಇಬ್ಬರಿಗೂ ಬಳಸುವ ವಾಹಿನಿ ಕಂಡರೆ ನನಗೆ ಅರ್ಧ ಸಮಾಧಾನ.

ಕರ್ತೃವನ್ನೂ ಹುಡುಕಿ. "ಪೊಲೀಸರ ಗುಂಡಿಗೆ ಮೂವರು ಬಲಿ" ಒಂದು ತಲೆಬರಹ. "ಘರ್ಷಣೆಯಲ್ಲಿ ಮೂವರ ಸಾವು" ಇನ್ನೊಂದು. ಎರಡನೆಯದರಲ್ಲಿ ಕೊಂದವರೇ ಇಲ್ಲ. 2022ರಲ್ಲಿ ರಷ್ಯಾದ ವಾಹಿನಿಗಳು ಯುದ್ಧ ಅನ್ನುವ ಪದವನ್ನೇ ಬಿಟ್ಟು "ವಿಶೇಷ ಸೇನಾ ಕಾರ್ಯಾಚರಣೆ" ಅಂದವು. ಸೇನೆಯ ಬಗ್ಗೆ "ಸುಳ್ಳು ಮಾಹಿತಿ" ಹರಡಿದರೆ 15 ವರ್ಷದವರೆಗೆ ಜೈಲು ಅನ್ನುವ ಕಾನೂನು ಆಗ ಬಂದಿತ್ತು.

ಸಮತೋಲನದ ಹೆಸರಲ್ಲೂ ಮೋಸ ಹೋಗಬಹುದು. 2017ರ ಆಗಸ್ಟಿನಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾಜಿ ಹಣಕಾಸು ಸಚಿವ ನೈಜೆಲ್ ಲಾಸನ್ ಹವಾಮಾನ ಬದಲಾವಣೆಯ ಬಗ್ಗೆ ತಪ್ಪು ಮಾತಾಡಿದರು, ಸಂದರ್ಶಕರು ಸರಿಯಾಗಿ ಪ್ರಶ್ನಿಸಲಿಲ್ಲ. ಇದು ನಿಯಮದ ಉಲ್ಲಂಘನೆ ಎಂದು ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಮರುವರ್ಷ ಹೇಳಿತು. ಇಬ್ಬರನ್ನು ಕೂರಿಸಿ ಮಾತಾಡಿಸಿದರೆ ನ್ಯಾಯ ಆಗಿಬಿಡುವುದಿಲ್ಲ. ಹೊರಗಿನವರೊಬ್ಬರು ತಪ್ಪು ಎಂದು ಹೇಳುವ ವ್ಯವಸ್ಥೆ ಇದೆಯಾ ಅನ್ನುವುದನ್ನೂ ನೋಡಿ.

ಇಷ್ಟೆಲ್ಲ ಹೇಳಿ ನಿಮ್ಮನ್ನು ಬಿಟ್ಟರೆ ತಪ್ಪಾಗುತ್ತದೆ. 1985ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 1982ರ ಬೈರೂತ್ ಹತ್ಯಾಕಾಂಡದ ಟಿವಿ ವರದಿಗಳನ್ನು ಇಸ್ರೇಲ್ ಪರ ಇರುವ ವಿದ್ಯಾರ್ಥಿಗಳಿಗೂ ಅರಬರ ಪರ ಇರುವ ವಿದ್ಯಾರ್ಥಿಗಳಿಗೂ ತೋರಿಸಿದರು. ತುಣುಕುಗಳು ಒಂದೇ. ಇವು ನಮ್ಮ ವಿರುದ್ಧ ವಾಲಿವೆ ಅಂತ ಎರಡೂ ಕಡೆಯವರು ಹೇಳಿದರು. ವಾಹಿನಿಗಳು ಇದನ್ನೇ ಗುರಾಣಿ ಮಾಡಿಕೊಂಡಿವೆ: "ಎರಡೂ ಕಡೆಯವರು ಬೈಯುತ್ತಾರೆ, ಅಂದರೆ ನಾವು ಸರಿ." ಈ ವಾದ ನನಗೆ ಒಗ್ಗುವುದಿಲ್ಲ. ಕೆಟ್ಟ ವರದಿ ಮಾಡಿದರೂ ಎರಡೂ ಕಡೆಯವರು ಬೈಯುತ್ತಾರಲ್ಲ.

ಅಂಕ ಕೊಡುವ ಜಾಲತಾಣಗಳ ಬಗ್ಗೆ ಎರಡೇ ಮಾತು. ಆಲ್‌ಸೈಡ್ಸ್, ಆ್ಯಡ್ ಫಾಂಟಿಸ್‌ನಂಥವು ಅಳೆಯುವುದು ಅಮೆರಿಕದ ಎಡ-ಬಲದ ಕೋಲಿನಿಂದ. ಆ ಕೋಲಿನಲ್ಲಿ ಒಂದು ವಾಹಿನಿ "ಮಧ್ಯ" ಬಂದರೆ, ಅದಕ್ಕೆ ಹಣ ಕೊಡುವ ಸರ್ಕಾರಕ್ಕೆ ಅದು ಎಷ್ಟು ಹತ್ತಿರ ಅನ್ನುವುದು ತಿಳಿಯದು. ಒಂದೊಂದು ತಾಣ ಒಂದೊಂದು ಥರ ಹೇಳುವುದಕ್ಕೆ, ಅವು ಅಳೆಯುವ ವಿಧಾನವೇ ಬೇರೆ ಬೇರೆ ಇರುವುದೂ ಕಾರಣ. ಮೊದಲ ಪರಿಚಯಕ್ಕೆ ನೋಡಿ, ತೀರ್ಪಿಗೆ ಬೇಡ.

ಕೊನೆಗೆ ನಿಮ್ಮ ಪ್ರಬಂಧ. ಖಂಡಿತ ಬಳಸಬಹುದು, ಆರ್‌ಟಿಯನ್ನೂ ಬಳಸಬಹುದು. ಯಾವುದಕ್ಕೆ ಅನ್ನುವುದು ಪ್ರಶ್ನೆ. ರಷ್ಯಾ ಸರ್ಕಾರ ಜಗತ್ತಿಗೆ ಏನು ಹೇಳಲು ಬಯಸುತ್ತದೆ ಅನ್ನುವುದಕ್ಕೆ ಆರ್‌ಟಿ ಒಳ್ಳೆಯ ಆಧಾರ. ಯುದ್ಧಭೂಮಿಯಲ್ಲಿ ಏನಾಯಿತು ಅನ್ನುವುದಕ್ಕೆ ಅದೊಂದನ್ನೇ ನೆಚ್ಚಬೇಡಿ. ಪಶ್ಚಿಮ ಏಷ್ಯಾದ ಸ್ಥಳವರದಿಗೆ ಅಲ್ ಜಝೀರಾ ಸರಿ, ಇನ್ನೊಂದು ಮೂಲದ ಜೊತೆಗೆ. ಕತಾರಿನ ಒಳಗಿನ ರಾಜಕೀಯಕ್ಕೆ ಬೇರೆ ಕಡೆ ಹುಡುಕಿ. ಡಾಯ್ಚೆ ವೆಲೆಗೆ ಹಣ ಬರುವುದು ಮನೆಶುಲ್ಕದಿಂದಲ್ಲ, ಜರ್ಮನಿಯ ಕೇಂದ್ರ ಬಜೆಟ್ಟಿನಿಂದ. ಬಿಬಿಸಿ ವರ್ಲ್ಡ್ ಸರ್ವಿಸ್ ಕೂಡ 2014ರವರೆಗೆ ವಿದೇಶಾಂಗ ಇಲಾಖೆಯ ಅನುದಾನದಲ್ಲಿ ನಡೆಯುತ್ತಿತ್ತು. ಆ ಹಣ 2016ರಿಂದ ಮತ್ತೆ ಸ್ವಲ್ಪ ಬರುತ್ತಿದೆ. ಇಂಥ ವಿವರವನ್ನು ಅಡಿಟಿಪ್ಪಣಿಯಲ್ಲಿ ಒಂದು ಸಾಲು ಬರೆದರೆ ಪರೀಕ್ಷಕರು ಖುಷಿಪಡುತ್ತಾರೆ. ವರದಿ ಪ್ರಕಟವಾದ ಹೊತ್ತು, ನೀವು ಓದಿದ ದಿನ ಎರಡನ್ನೂ ಗುರುತು ಹಾಕಿಕೊಳ್ಳಿ. ಬೆಳಗ್ಗೆ ಇದ್ದ ತಲೆಬರಹ ಸಂಜೆಗೆ ಬದಲಾಗುತ್ತದೆ. ಎರಡೂ ರೂಪ ಸಿಕ್ಕಿದರೆ ಪಕ್ಕಪಕ್ಕ ಇಟ್ಟು ನೋಡಿ: ಯಾವ ಪದ ಬಿಟ್ಟರು, ಯಾರ ಹೆಸರು ಸೇರಿಸಿದರು. ಅದರಿಂದಲೇ ಒಂದು ಅಧ್ಯಾಯ ಹುಟ್ಟಬಹುದು.